ದಯೆಯ ವೇಷ ತೊಟ್ಟ ಪ್ರಮಾದ

ಮಕ್ಕಳ ಬೆನ್ನಿಗೆ ನಿಂತವರನ್ನು ಟೀಕಿಸುವುದು ಯಾರಿಗೂ ಪ್ರಿಯವಾದ ಕೆಲಸವಲ್ಲ. ದುಷ್ಟತನವನ್ನು ಖಂಡಿಸುವವನಿಗೆ ಸಭೆಯ ಬೆಂಬಲ ತಾನಾಗಿಯೇ ಒದಗುತ್ತದೆ. ಒಳ್ಳೆಯತನದ ಮರೆಯಲ್ಲಿ ಕುಳಿತಿರುವ ಲೋಪವನ್ನು ತೋರಿಸುವವನಿಗೆ ಆ ಬೆಂಬಲ ದೊರೆಯುವುದಿಲ್ಲ. ಆದರೂ ನೀತಿವಿಚಾರದಲ್ಲಿ ಹೆಚ್ಚಿನ ಎಚ್ಚರ ಬೇಕಾಗಿರುವುದು ಎರಡನೆಯದರ ಬಗೆಗೇ. ಕಳವು ಮಾಡಿದವನಿಗೆ ತಾನು ಕಳ್ಳನೆಂಬುದು ಗೊತ್ತಿರುತ್ತದೆ. ಒಂದು ಒಳ್ಳೆಯ ಕೆಲಸದಲ್ಲಿ ತೊಡಗಿ, ತನ್ನ ನಿಜವಾದ ಕರ್ತವ್ಯವನ್ನು ನಾಳೆಗೆ ತಳ್ಳುವವನಿಗೆ ತಾನು ತಪ್ಪಿದ್ದೇನೆಂಬ ಅರಿವೇ ಉಂಟಾಗುವುದಿಲ್ಲ. ಅವನ ಮನಸ್ಸು ಹಗುರವಾಗಿರುತ್ತದೆ, ಸುತ್ತಲಿನವರ ಮೆಚ್ಚುಗೆಯೂ ಧಾರಾಳವಾಗಿರುತ್ತದೆ. ನಷ್ಟ ಮಾತ್ರ ಬೇರೆ ಯಾರದೋ ಆಗಿರುತ್ತದೆ.

ಇದಕ್ಕೆ ಶಾಲೆಯ ಆಪ್ತಸಮಾಲೋಚಕರ ಕೆಲಸ ತಕ್ಕ ನಿದರ್ಶನ. ಈ ಹುದ್ದೆ ಬಹುಕಾಲದಿಂದ ಬೇರೂರಿರುವುದು ಅಮೆರಿಕೆಯ ಪ್ರೌಢಶಾಲೆಗಳಲ್ಲಿ. ಯಾವ ವಿಷಯ ಓದಬೇಕೆಂದು ತೋಚದ ಹುಡುಗ, ಮನೆಯ ಕಲಹದಿಂದ ನಿದ್ರೆಗೆಟ್ಟ ಹುಡುಗಿ, ಬದುಕೇ ಬೇಡವೆನಿಸಿದ ಮಗು, ಇವರೆಲ್ಲ ಅಲ್ಲಿ ಮೊದಲು ತಟ್ಟಬೇಕಾದ ಬಾಗಿಲು ಸಮಾಲೋಚಕರದು. ಕಾಲೇಜು ಪ್ರವೇಶದ ಅರ್ಜಿಗಳಿಗೂ ಅವರ ಕೈ ಬೇಕು. 1975ರಲ್ಲಿ ಹದಿನೈದು ಕಾಲೇಜುಗಳಿಂದ ಆರಂಭವಾಗಿ ಈಗ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಸ್ವೀಕರಿಸುವ ‘ಕಾಮನ್ ಅಪ್ಲಿಕೇಷನ್’ ಎಂಬ ಸಾಮಾನ್ಯ ಅರ್ಜಿಯಲ್ಲಿ ವಿದ್ಯಾರ್ಥಿ ತಾನು ಬರೆಯುವ ಭಾಗವೇ ಬೇರೆ, ಶಾಲೆ ಕಳುಹಿಸಬೇಕಾದ ಭಾಗವೇ ಬೇರೆ. ಶಾಲೆಯ ವಿವರ, ಅಂಕಪಟ್ಟಿ, ಮಗುವಿನ ಗುಣಶೀಲಗಳನ್ನು ಕುರಿತ ಶಿಫಾರಸು ಪತ್ರ, ಇವು ಸಮಾಲೋಚಕರಿಂದ ಹೋಗತಕ್ಕವು. ಮೊದಲ ಸುತ್ತಿನ ಪ್ರವೇಶಕ್ಕೆ ಬಹಳಷ್ಟು ಕಾಲೇಜುಗಳು ಇಟ್ಟಿರುವ ಗಡುವು ನವೆಂಬರ್ 1.

ಗುಡ್ಡಗಾಡು ಓಟದ ಋತುವೂ ಅದೇ. ಆಗಸ್ಟ್‌ನಲ್ಲಿ ಆರಂಭವಾಗುವ ಅಭ್ಯಾಸ ಅಕ್ಟೋಬರ್, ನವೆಂಬರ್‌ನ ಪಂದ್ಯಗಳಲ್ಲಿ ಕೊನೆಗೊಳ್ಳುತ್ತದೆ. ಸಾಮಾನ್ಯವಾಗಿ ಐದು ಕಿಲೋಮೀಟರಿನ ದೂರ. ಹುಲ್ಲುಗಾವಲು, ಏರುತಗ್ಗು, ಕೆಸರು, ಚಳಿಗಾಳಿ. ಇಂಥ ಓಟದ ಹಗ್ಗದಾಚೆ ನಿಂತು, ಕೊರಳು ಕಟ್ಟುವವರೆಗೆ ಮಕ್ಕಳ ಹೆಸರು ಕೂಗಿ ಹುರಿದುಂಬಿಸುವ ಒಬ್ಬ ಸಮಾಲೋಚಕಿಯನ್ನು ಓದುಗರು ಊಹಿಸಿಕೊಳ್ಳಬಹುದು. ಆಕೆಗೆ ಪ್ರತಿಯೊಬ್ಬ ಓಟಗಾರನ ಹೆಸರು ಗೊತ್ತು, ಕಳೆದ ವಾರ ಅವನು ಓಡಿದ ಸಮಯ ಗೊತ್ತು. ಸೋತವನ ಹೆಗಲ ಮೇಲೆ ಕೈಯಿಡುತ್ತಾರೆ, ಗೆದ್ದವನೊಡನೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಪಾಲಕರು ಆಕೆಯನ್ನು ಕೊಂಡಾಡುತ್ತಾರೆ. ಶಾಲೆಯಲ್ಲಿ ಆಕೆಯ ಮೇಜಿನ ಮೇಲೆ ಮಾತ್ರ ನಲವತ್ತು ಶಿಫಾರಸು ಪತ್ರಗಳು ಒಂದಕ್ಷರವೂ ಬರೆಯದೆ ಉಳಿದಿವೆ. ಮೂರು ವಾರದ ಹಿಂದೆ ‘ಒಮ್ಮೆ ಮಾತಾಡಬೇಕು’ ಎಂದು ಚೀಟಿ ಬರೆದುಕೊಟ್ಟ ಹುಡುಗನೊಬ್ಬನಿಗೆ ಇನ್ನೂ ಕರೆ ಹೋಗಿಲ್ಲ. ಪಂದ್ಯಗಳು ಮುಗಿಯಲಿ, ಆಮೇಲೆ ನೋಡೋಣ ಎಂಬುದು ಆಕೆಯ ಸಮಾಧಾನ.

ಈ ಚಿತ್ರವನ್ನು ಕಂಡು ಮೆಚ್ಚುವವರೇ ಹೆಚ್ಚು. ‘ಕಾಗದ ಯಾವತ್ತೂ ಇದ್ದದ್ದೇ, ಮಕ್ಕಳ ಜೊತೆ ನಿಲ್ಲುವುದು ಮುಖ್ಯ’ ಎನ್ನುವುದು ಅವರ ವಾದ. ಈ ವಾದ ಕೇಳಲು ಬಹು ಹಿತವಾಗಿದೆ. ಒಳಹೊಕ್ಕು ನೋಡಿದರೆ ಟೊಳ್ಳು. ಕಾಗದವೆಂದು ತಳ್ಳಿಹಾಕಿದ್ದು ಕಾಗದವಲ್ಲ. ಪ್ರತಿಯೊಂದು ಪತ್ರದ ಹಿಂದೆಯೂ ಒಂದು ಮಗುವಿದೆ. ವಿದ್ಯಾವಂತ, ಸ್ಥಿತಿವಂತ ತಂದೆತಾಯಿಗಳ ಮಗುವಾದರೆ ಹಣ ಕೊಟ್ಟು ಹೊರಗಿನ ಸಲಹೆಗಾರನನ್ನು ಹಿಡಿಯಬಹುದು, ದಿನಕ್ಕೆರಡು ಬಾರಿ ಶಾಲೆಗೆ ದೂರವಾಣಿ ಮಾಡಿ ತನ್ನ ಕೆಲಸವನ್ನು ಮಾಡಿಸಿಕೊಳ್ಳಬಹುದು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಲು ಹೊರಟ ಮಗುವಿಗೆ ಆ ಪತ್ರದ ಹೊರತು ಬೇರೆ ಆಸರೆಯಿಲ್ಲ. ವಿಳಂಬದ ಪೆಟ್ಟು ಯಾವಾಗಲೂ ಮೊದಲು ಬೀಳುವುದು ಕೇಳಲು ಬಾಯಿಲ್ಲದವನ ಮೇಲೆ.

‘ಕೆಲವು ಕಾಲೇಜುಗಳು ಶಾಲೆಯ ಕಾಗದಗಳಿಗೆ ನಾಲ್ಕಾರು ದಿನ ವಿನಾಯಿತಿ ಕೊಡುತ್ತವಲ್ಲ’ ಎಂಬ ಮಾತೂ ಬರುತ್ತದೆ. ಕೊಡುತ್ತವೆ, ನಿಜ. ಆದರೆ ಆ ನಾಲ್ಕಾರು ದಿನ ಮಗು ಪಡುವ ತಳಮಳಕ್ಕೆ ವಿನಾಯಿತಿ ಕೊಡುವವರು ಯಾರು? ಕಡೆಯ ರಾತ್ರಿ ನಲವತ್ತು ಪತ್ರಗಳನ್ನು ಒಟ್ಟಿಗೆ ಬರೆಯುವವರಿಗೆ ನಲವತ್ತು ಮುಖಗಳು ನೆನಪಿಗೆ ಬರುವುದಿಲ್ಲ. ಒಂದೇ ಪತ್ರ ನಲವತ್ತು ಹೆಸರಿನಲ್ಲಿ ಹೋಗುತ್ತದೆ: ಶ್ರಮಜೀವಿ, ವಿನಯವಂತ, ಸಹಪಾಠಿಗಳಿಗೆ ಪ್ರಿಯ. ಓಟಗಾರನ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಬಲ್ಲ ಲೇಖನಿಗೆ ಬೇರೆ ಮಗುವಿನ ಬಗ್ಗೆ ಬರೆಯಲು ಇಷ್ಟೇ ಉಳಿಯುತ್ತದೆ.

ಮುಂದೂಡುವಿಕೆಯನ್ನು ಒಂದು ಕಲೆಯೆಂಬಂತೆ ಸಮರ್ಥಿಸಿದ ಪಂಡಿತರೂ ಇದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಜಾನ್ ಪೆರಿ 1990ರ ದಶಕದ ನಡುವೆ ಬರೆದ ಲಘು ಪ್ರಬಂಧವೊಂದು ಬಹಳ ಪ್ರಸಿದ್ಧವಾಯಿತು. ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2011ರಲ್ಲಿ ಅದಕ್ಕೆ ಸಂದಿತು. ಅದರ ತಾತ್ಪರ್ಯವಿಷ್ಟು: ಮುಂದೂಡುವವನು ಸುಮ್ಮನೆ ಕುಳಿತಿರುವುದಿಲ್ಲ, ಪಟ್ಟಿಯ ತುದಿಯಲ್ಲಿರುವ ಕೆಲಸವನ್ನು ತಪ್ಪಿಸಿಕೊಳ್ಳಲೆಂದೇ ಕೆಳಗಿನ ಅನೇಕ ಉಪಯುಕ್ತ ಕೆಲಸಗಳನ್ನು ಹುರುಪಿನಿಂದ ಮಾಡಿ ಮುಗಿಸುತ್ತಾನೆ, ಆದುದರಿಂದ ಈ ದೌರ್ಬಲ್ಯವನ್ನೇ ಸಾಧನವಾಗಿ ಬಳಸಿಕೊಳ್ಳಬಹುದು. ಪ್ರಾಧ್ಯಾಪಕನ ಮಟ್ಟಿಗೆ ಇದು ಸೊಗಸಾದ ವಿನೋದ. ಅವನ ಪಟ್ಟಿಯ ತುದಿಯಲ್ಲಿರುವುದು ಅವನದೇ ಲೇಖನ. ತಡವಾದರೆ ಸಂಪಾದಕನ ಮುಖ ಗಂಟಿಕ್ಕುತ್ತದೆ, ಅಷ್ಟೇ. ಸಮಾಲೋಚಕಿಯ ಪಟ್ಟಿಯ ತುದಿಯಲ್ಲಿರುವುದು ಚೀಟಿ ಬರೆದು ಕಾಯುತ್ತಿರುವ ಹುಡುಗ. ತನ್ನದನ್ನು ಮುಂದೂಡುವವನು ಸೋಮಾರಿ ಎನಿಸಿಕೊಳ್ಳುತ್ತಾನೆ. ಪರರದನ್ನು ಮುಂದೂಡುವವನನ್ನು ಏನೆಂದು ಕರೆಯಬೇಕು?

ಮನಶ್ಶಾಸ್ತ್ರಜ್ಞರ ವಿಚಾರವೂ ಇಲ್ಲಿ ಪ್ರಸ್ತುತ. ಮುಂದೂಡುವಿಕೆ ಎಂದರೆ ವೇಳೆಯನ್ನು ಹಂಚಿಕೊಳ್ಳಲು ಬಾರದಿರುವುದು ಎಂದು ಬಹುಕಾಲ ತಿಳಿಯಲಾಗಿತ್ತು. ಫ್ಯೂಷಿಯಾ ಸಿರೋಯಿ ಮತ್ತು ತಿಮೊತಿ ಪಿಚಿಲ್ 2013ರ ಪ್ರಬಂಧವೊಂದರಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟರು: ಮನಸ್ಸಿಗೆ ಅಹಿತವೆನಿಸುವ ಕೆಲಸದಿಂದ ಈ ಕ್ಷಣಕ್ಕೆ ಪಾರಾಗಿ ಸಮಾಧಾನ ಪಡೆಯುವುದೇ ಅದರ ಮೂಲ, ಆ ಸಮಾಧಾನದ ಬೆಲೆಯನ್ನು ಮುಂದಿನ ದಿನ ತೆರಬೇಕಾಗುತ್ತದೆ. ಮೈದಾನದ ಆಕರ್ಷಣೆಯ ಗುಟ್ಟು ಇಲ್ಲಿದೆ. ಓಟಕ್ಕೆ ಆರಂಭವಿದೆ, ಅಂತ್ಯವಿದೆ, ಇಪ್ಪತ್ತು ನಿಮಿಷದಲ್ಲಿ ಫಲ ಕಣ್ಣೆದುರು ನಿಲ್ಲುತ್ತದೆ. ಮುಚ್ಚಿದ ಕೋಣೆಯಲ್ಲಿ ಅಳುವ ಮಗುವಿನೆದುರು ಕೂರುವುದಕ್ಕೆ ಅಂತ್ಯವೂ ಇಲ್ಲ, ಚಪ್ಪಾಳೆಯೂ ಇಲ್ಲ. ಮೊದಲನೆಯದು ಮನಸ್ಸನ್ನು ಅರಳಿಸುತ್ತದೆ, ಎರಡನೆಯದು ಹಿಂಡುತ್ತದೆ. ಹಿಂಡುವುದನ್ನು ಬಿಟ್ಟು ಅರಳಿಸುವುದನ್ನು ಆರಿಸಿಕೊಂಡು, ಅದಕ್ಕೆ ಮಕ್ಕಳ ಸೇವೆಯೆಂದು ಹೆಸರಿಡುವುದು ಆತ್ಮವಂಚನೆ.

ಹೋಗಲಿ, ಓಟದ ಮಕ್ಕಳಿಗಾದರೂ ಸಂಪೂರ್ಣ ನ್ಯಾಯ ದೊರೆಯಿತೆ? ಅದೂ ಇಲ್ಲ. ದೂರದ ಓಟಗಾರರನ್ನು, ಅದರಲ್ಲೂ ಹದಿಹರೆಯದ ಹುಡುಗಿಯರನ್ನು ಕಾಡುವ ತೊಂದರೆಯೊಂದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಕ್ರೀಡಾಳುಗಳ ಸಾಪೇಕ್ಷ ಶಕ್ತಿಕೊರತೆ’ ಎನ್ನಬಹುದು. ಓಡಲು ವ್ಯಯವಾಗುವ ಶಕ್ತಿಗೆ ತಕ್ಕಷ್ಟು ಆಹಾರ ದೇಹಕ್ಕೆ ಸೇರದಿದ್ದಾಗ ಮುಟ್ಟು ನಿಲ್ಲುತ್ತದೆ, ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿಡುತ್ತದೆ, ಮನಸ್ಸು ಕುಗ್ಗುತ್ತದೆ. ಕಷ್ಟವೆಂದರೆ, ತೂಕ ಇಳಿದ ಹೊಸದರಲ್ಲಿ ಓಟ ಕೆಲವೊಮ್ಮೆ ಚುರುಕಾಗುವುದೂ ಉಂಟು. ಆಗ ಹುಡುಗಿಗೆ ಮೆಚ್ಚುಗೆ ದೊರೆಯುತ್ತದೆ. ಮೆಚ್ಚುಗೆಗಾಗಿ ಆಕೆ ಇನ್ನಷ್ಟು ಊಟ ಬಿಡುತ್ತಾಳೆ. ಹಗ್ಗದಾಚೆ ನಿಂತು ಕೂಗುವ ಕಂಠ ತನಗರಿವಿಲ್ಲದೆಯೇ ಆ ರೋಗಕ್ಕೆ ನೀರೆರೆಯುತ್ತಿರಬಹುದು.

ಸಮಾಲೋಚಕಿಯಾದವರು ಅಲ್ಲಿ ನಿಂತದ್ದು ಸಾರ್ಥಕವಾಗಬೇಕಾದರೆ ಆಕೆ ಕಾಣಬೇಕಾದದ್ದು ಇದನ್ನು: ಯಾವ ಹುಡುಗಿಯ ತೋಳು ತೆಳುವಾಯಿತು, ಯಾರು ಗೆಳತಿಯರೊಡನೆ ಊಟಕ್ಕೆ ಕೂರುವುದನ್ನು ಬಿಟ್ಟರು, ಯಾರ ಕಾಲುನೋವು ವಾರಗಟ್ಟಲೆ ವಾಸಿಯಾಗಲಿಲ್ಲ. ಕಂಡ ಮೇಲೆ ಕೆಲಸ ಆರಂಭವಾಗುತ್ತದೆ. ಹುಡುಗಿಯೊಡನೆ ಏಕಾಂತದಲ್ಲಿ ಮಾತು, ತಾಯಿತಂದೆಯರಿಗೆ ಕರೆ, ತರಬೇತುದಾರನೊಡನೆ ನಿಷ್ಠುರ, ವೈದ್ಯರ ಬಳಿಗೆ ಕಳುಹಿಸುವ ಏರ್ಪಾಡು, ಇವೆಲ್ಲದರ ದಾಖಲೆ. ಇದು ಅದೇ ಮೇಜಿನ ಕೆಲಸ, ಆಕೆ ಯಾವುದರಿಂದ ತಪ್ಪಿಸಿಕೊಂಡು ಮೈದಾನಕ್ಕೆ ಬಂದರೋ ಅದೇ ಕೆಲಸ. ಮೇಜಿನ ಕೆಲಸಕ್ಕೆ ಹೆದರಿದ ಕಣ್ಣು ಮೈದಾನದಲ್ಲಿಯೂ ನೋಡಬೇಕಾದ್ದನ್ನು ನೋಡುವುದಿಲ್ಲ. ಕಡೆಗೆ ಓಡದ ಮಕ್ಕಳಿಗೂ ಸಮಾಲೋಚಕಿ ಇಲ್ಲ, ಓಡುವ ಮಕ್ಕಳಿಗೂ ಇಲ್ಲ. ಇರುವವರು ಒಬ್ಬ ಪ್ರೇಕ್ಷಕರು ಮಾತ್ರ.

ಆ ಆಟದ ನಿಯಮವೇ ಆಕೆಗೆ ಪಾಠ ಹೇಳಬೇಕಿತ್ತು. ಗುಡ್ಡಗಾಡು ಓಟದಲ್ಲಿ ಒಂದು ತಂಡದಿಂದ ಏಳು ಮಂದಿ ಓಡುತ್ತಾರೆ. ಮೊದಲ ಐವರು ಗಳಿಸಿದ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆಯಾದ ತಂಡಕ್ಕೆ ಜಯ. ಐದು ಮಂದಿಯೂ ಎಲ್ಲರಿಗಿಂತ ಮುಂದೆ ಬಂದರೆ ಮೊತ್ತ 15. ಅದಕ್ಕಿಂತ ಉತ್ತಮವಾದುದು ಇಲ್ಲ. ಒಬ್ಬನು ಮಿಂಚಿನಂತೆ ಓಡಿ ಮೊದಲಿಗನಾದರೂ ಐದನೆಯವನು ಎಂಬತ್ತನೆಯ ಸ್ಥಾನದಲ್ಲಿ ಬಂದರೆ ತಂಡ ಸೋಲುತ್ತದೆ. ಆದುದರಿಂದ ಅನುಭವಿ ತರಬೇತುದಾರರ ಕಣ್ಣು ಮುಂದಿರುವವನಿಗಿಂತ ಐದನೆಯವನ ಮೇಲೆ ಇರುತ್ತದೆ. ಶಾಲೆಯ ಲೆಕ್ಕವೂ ಹಾಗೆಯೇ. ಅಲ್ಲಿ ಎಣಿಕೆಗೆ ಬರಬೇಕಾದದ್ದು ಮುಂದೆ ಓಡುವ ಮಗುವಲ್ಲ, ಎಲ್ಲರಿಗಿಂತ ಹಿಂದೆ ಉಳಿದು ಬಾಗಿಲ ಹೊರಗೆ ಕಾಯುತ್ತಿರುವ ಮಗು.

ಪ್ರತಿವಾದಿಗಳ ಒಂದು ಮಾತಿಗೆ ಮಾತ್ರ ಗೌರವ ಸಲ್ಲಬೇಕು. ಅಮೆರಿಕೆಯ ಶಾಲಾ ಸಮಾಲೋಚಕರ ಸಂಘ ಒಬ್ಬ ಸಮಾಲೋಚಕರಿಗೆ 250 ವಿದ್ಯಾರ್ಥಿಗಳು ಮಾತ್ರ ಇರಬೇಕೆಂದೂ, ಅವರ ವೇಳೆಯ ಶೇಕಡ 80 ಭಾಗ ವಿದ್ಯಾರ್ಥಿಗಳ ನೇರ ಅಥವಾ ಪರೋಕ್ಷ ಸೇವೆಗೆ ಮೀಸಲಾಗಬೇಕೆಂದೂ ಹೇಳುತ್ತದೆ. 2023–24ರಲ್ಲಿ ಆ ದೇಶದ ಸರಾಸರಿ ಒಬ್ಬರಿಗೆ 376 ಆಗಿತ್ತು. ಇದರ ಮೇಲೆ ಪರೀಕ್ಷೆ ನಡೆಸುವುದು, ವೇಳಾಪಟ್ಟಿ ಹೊಂದಿಸುವುದು, ಊಟದ ಹೊತ್ತಿನ ಕಾವಲು ಮುಂತಾದ ಹೊರೆಗಳನ್ನು ಅನೇಕ ಶಾಲೆಗಳು ಅವರ ತಲೆಗೆ ಕಟ್ಟುತ್ತವೆ. ದಣಿದ ಮನುಷ್ಯ ಸಂತೋಷವನ್ನು ಅರಸಿ ಮೈದಾನಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಶನಿವಾರ ಆಕೆಯ ಸ್ವಂತದ ದಿನ. ಅಂದು ಎಲ್ಲಿ ನಿಂತರೂ ಯಾರೂ ಕೇಳುವಂತಿಲ್ಲ. ಆಕ್ಷೇಪವಿರುವುದು ಶನಿವಾರದ ಪುಣ್ಯವನ್ನು ಸೋಮವಾರದಿಂದ ಶುಕ್ರವಾರದವರೆಗಿನ ಸಾಲಕ್ಕೆ ಜಮೆ ಮಾಡಿಕೊಳ್ಳುವುದಕ್ಕೆ. ಹೊರೆ ಹೆಚ್ಚಿದ್ದರೆ ಅದನ್ನು ಮುಖ್ಯೋಪಾಧ್ಯಾಯರ ಮುಂದೆ ಬಾಯಿಬಿಟ್ಟು ಹೇಳಬೇಕು, ಬರೆದು ಕೊಡಬೇಕು, ಬೇಕಾದರೆ ಜಗಳವಾಡಬೇಕು. ಹೇಳದೆ, ಮೌನವಾಗಿ, ಯಾರು ಗದ್ದಲ ಮಾಡುವುದಿಲ್ಲವೋ ಅವರ ಪಾಲನ್ನು ಕಡಿಮೆ ಮಾಡುವುದು ನ್ಯಾಯವಲ್ಲ.

ಜೈನ ನೀತಿಶಾಸ್ತ್ರದಲ್ಲಿ ಈ ಲೋಪಕ್ಕೆ ಪ್ರಮಾದವೆಂದು ಹೆಸರು. ತತ್ತ್ವಾರ್ಥಸೂತ್ರ ಕರ್ಮಬಂಧದ ಕಾರಣಗಳನ್ನು ಎಣಿಸುವಾಗ ಮಿಥ್ಯಾತ್ವ, ಅವಿರತಿ, ಕಷಾಯ, ಯೋಗಗಳೊಡನೆ ಪ್ರಮಾದವನ್ನೂ ಸೇರಿಸುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಲ್ಲಿಯೂ ಅದನ್ನೇ ಮುಂದಿಡುತ್ತದೆ. ದ್ವೇಷವಿಲ್ಲದ ಮಾತ್ರಕ್ಕೆ ಹಿಂಸೆ ಇಲ್ಲವೆಂದಾಗದು; ಎಚ್ಚರಗೇಡಿತನವೂ ಹಿಂಸೆಯ ಬೇರೇ. ಹದಿನಾಲ್ಕು ಗುಣಸ್ಥಾನಗಳಲ್ಲಿ ಆರನೆಯದರ ಹೆಸರೇ ಪ್ರಮತ್ತಸಂಯತ. ಮಹಾವ್ರತ ಧರಿಸಿದವರಲ್ಲಿಯೂ ಪ್ರಮಾದ ಉಳಿದಿರಬಹುದಾದರೆ ವೃತ್ತಿಯ ವ್ರತ ಹಿಡಿದ ಗೃಹಸ್ಥರು ಎಷ್ಟು ಎಚ್ಚರದಿಂದಿರಬೇಕು! ಪರರ ಸೇವೆಯಾದ ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಲಾಗಿದೆ. ಸೇವೆ ತಪಸ್ಸಾಗುವುದು ಅದರಲ್ಲಿ ತನ್ನ ಸುಖದ ಆಯ್ಕೆ ಇಲ್ಲದಿದ್ದಾಗ. ಯಾರ ಸೇವೆಯಿಂದ ತನಗೆ ಕೀರ್ತಿಯೂ ಉಲ್ಲಾಸವೂ ದೊರೆಯುತ್ತದೆಯೋ ಅವರನ್ನೇ ಆರಿಸಿ ಸೇವೆ ಮಾಡಿದರೆ ಅದು ವಿನೋದವಾದೀತು, ತಪಸ್ಸಾಗಲಾರದು.

ಇದೆಲ್ಲ ದೂರದೇಶದ ಮಾತು, ಇಲ್ಲಿಯವರಿಗೆ ಏಕೆ ಎಂದು ಕೇಳುವವರಿಗೆ ಉತ್ತರವಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈ 25ರಂದು ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೆ ಅನ್ವಯಿಸುವ ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರೊಬ್ಬರನ್ನಾದರೂ ಹೊಂದಿರಬೇಕೆಂಬುದು ಅವುಗಳಲ್ಲೊಂದು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಬಸದಿಯ ಟ್ರಸ್ಟುಗಳಿಗೂ ಈ ಆದೇಶ ಅನ್ವಯಿಸುತ್ತದೆ.

ಅಪಾಯವಿರುವುದು ಇಲ್ಲಿಯೇ. ಆದೇಶವನ್ನು ಪಾಲಿಸಿದಂತೆ ತೋರಿಸಲು ಒಬ್ಬರನ್ನು ನೇಮಿಸಿ, ಆಮೇಲೆ ಅವರಿಂದ ಕ್ರೀಡಾದಿನದ ಮೆರವಣಿಗೆ, ವಾರ್ಷಿಕೋತ್ಸವದ ನಿರೂಪಣೆ, ಗೈರುಹಾಜರಾದ ಶಿಕ್ಷಕರ ತರಗತಿ, ಅತಿಥಿಗಳ ಸ್ವಾಗತ ಇವೆಲ್ಲವನ್ನೂ ಮಾಡಿಸುವ ಪ್ರಲೋಭನೆ ಆಡಳಿತ ಮಂಡಳಿಗಳಿಗೆ ಸಹಜ. ಹಾಗಾದಾಗ ಸಮಾಲೋಚಕರು ಹುಡುಗರೊಡನೆ ಮೈದಾನದಲ್ಲಿ ನಗುತ್ತಿರುವ ಚಿತ್ರ ವರದಿಯಲ್ಲಿ ಅಚ್ಚಾಗುತ್ತದೆ, ದಾನಿಗಳು ಸಂತೋಷಪಡುತ್ತಾರೆ, ಕೋಣೆಯ ಬೀಗ ಮಾತ್ರ ತೆಗೆಯುವುದಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ದೆವ್ವವನ್ನು ಹಿಂದಕ್ಕೆ ಕಳುಹಿಸಲೆಂದು ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬೀಗ ಹಾಕಿದ ಸಮಾಲೋಚನೆಯ ಕೋಣೆಯ ಮೇಲೂ ಕಣ್ಣಿಗೆ ಕಾಣದಂತೆ ಅದೇ ಬರಹವಿರುತ್ತದೆ. ಆ ದೆವ್ವ ಮರುದಿನವೂ ಬರುತ್ತಿತ್ತಂತೆ. ಒಮ್ಮೆ ಧೈರ್ಯ ಕೂಡಿಸಿಕೊಂಡು ಬಂದು ಹಿಂದಿರುಗಿದ ಮಗು ಮತ್ತೆ ಬರುತ್ತದೆಂಬ ಭರವಸೆಯಿಲ್ಲ.

ಟ್ರಸ್ಟಿನ ಸದಸ್ಯರು ಮಾಡಬೇಕಾದದ್ದು ಕಷ್ಟವಾದುದೇನಲ್ಲ. ಸಮಾಲೋಚಕರಿಗೆ ಹೊರಗಿನವರ ಕಿವಿ ತಲುಪದ ಒಂದು ಕೋಣೆ ಕೊಡಬೇಕು. ಸಮಾಲೋಚನೆಯಲ್ಲದ ಕೆಲಸವನ್ನು ಅವರಿಗೆ ಹಚ್ಚುವುದಿಲ್ಲವೆಂದು ನೇಮಕಾತಿ ಪತ್ರದಲ್ಲಿಯೇ ಬರೆಯಬೇಕು. ಮಾತಾಡಬೇಕೆಂದು ಕೇಳಿದ ಮಗುವಿಗೆ ಅದೇ ದಿನ ಐದು ನಿಮಿಷವಾದರೂ ಸಿಗಬೇಕೆಂಬ ನಿಯಮವಿರಬೇಕು. ವಾರಕ್ಕೊಮ್ಮೆ ಮುಖ್ಯೋಪಾಧ್ಯಾಯರು ಸಮಾಲೋಚಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಎಷ್ಟು ಮಕ್ಕಳು ಇನ್ನೂ ಕಾಯುತ್ತಿದ್ದಾರೆ?’ ಹೆಸರು ಬೇಡ, ಸಂಖ್ಯೆ ಸಾಕು. ಸಂಖ್ಯೆ ಬೆಳೆಯುತ್ತಿದ್ದರೆ ಒಬ್ಬರ ಬದಲು ಇಬ್ಬರನ್ನು ನೇಮಿಸಬೇಕು. ಗೋಪುರದ ಬಣ್ಣ ಒಂದು ವರ್ಷ ತಡವಾದರೆ ಧರ್ಮಕ್ಕೆ ಹಾನಿಯಿಲ್ಲ. ಪಾಲಕರೂ ತಮ್ಮ ಹೊಗಳಿಕೆಯ ದಿಕ್ಕನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಮೈದಾನದಲ್ಲಿ ಕಂಡವರನ್ನು ಮೆಚ್ಚುವುದು ಸುಲಭ. ಯಾರಿಗೂ ಕಾಣದೆ ಬಾಗಿಲು ಮುಚ್ಚಿ ಕೇಳಿದವರನ್ನು ಮೆಚ್ಚಲು ಕಲಿಯಬೇಕು.

ಸಮಾಲೋಚಕರು ಮೈದಾನಕ್ಕೆ ಹೋಗಲೇಬಾರದೆಂದು ಇದರ ಅರ್ಥವಲ್ಲ. ಓಡುವ ಮಗುವಿಗೂ ತನ್ನ ಹೆಸರು ಕೂಗುವವರು ಬೇಕು. ಆ ಕೂಗು ಎಷ್ಟೋ ದಿನ ಅದರ ಕಿವಿಯಲ್ಲಿ ಉಳಿಯುತ್ತದೆ. ಹೋಗಲಿ, ಕೂಗಲಿ. ಆದರೆ ಹೊರಡುವ ಮುನ್ನ ಮೇಜಿನ ಮೇಲಿನ ಚೀಟಿಯನ್ನು ಓದಿ, ಆ ಹುಡುಗನನ್ನು ಕರೆದು ಮಾತಾಡಿಸಿ ಹೋಗಲಿ. ಓಟ ಮುಂದಿನ ವಾರವೂ ಇರುತ್ತದೆ.